ಮಳೆದೇವರ ಮೂಗು

ಫೆಬ್ರವರಿ ೯, ೨೦೦೪, ಸೋಮವಾರ

ಯುಕತಾನ್‌ನ ಹಾಳೂರು ಕುಸಮ್‌ನಲ್ಲಿ ಈ ವರ್ಷದ ಅಗೆತ ಇವತ್ತು ಶುರುವಾಯಿತು. ಗುದ್ದಲಿ ಮುಟ್ಟುವ ಮುಂಚೆ ಮೇಸ್ತ್ರಿ ದೊನ್ ಚೆಂಚೊ ತನ್ನ ಕಟ್ಟಳೆ ಮುಗಿಸಿದ. ಹಾಳು ಅರಮನೆಯ ಅಂಗಳದ ನಾಲ್ಕೂ ಮೂಲೆಗೆ ಸೋರೆ ಬುರುಡೆಯ ಬಟ್ಟಲಲ್ಲಿ ಮೆಕ್ಕೆಜೋಳದ ಅಂಬಲಿ ಇಟ್ಟು, ನಮ್ಮ ಮಾಯಾ ಮಾತಿನಲ್ಲಿ ಕಲ್ಲುಗಳನ್ನು ಕಾಯುವ ಕಾಣದ ಒಡೆಯರ ಒಪ್ಪಿಗೆ ಕೇಳಿದ. ನಮ್ಮ ಮುಖ್ಯಸ್ಥ ಡಾಕ್ಟರ್ ಅರ್ಮೆಂತಾ ಟೊಪ್ಪಿ ತೆಗೆದು ಕೈಕಟ್ಟಿ ನಿಂತಿದ್ದರು. ರಾಜಧಾನಿಯವರಿಗೆ ಇಂಥದ್ದೆಲ್ಲ ಬಹಳ ಹಿತ. ನಾನು ಗಡಿಯಾರ ನೋಡುತ್ತಿದ್ದೆ. ಬಿಸಿಲೇರಿದ ಮೇಲೆ ಯಾವ ಒಡೆಯನೂ ಬಂದು ನನ್ನ ಆಳುಗಳಿಗೆ ಕೊಡೆ ಹಿಡಿಯುವುದಿಲ್ಲ.

"ಡಾಕ್ಟರಮ್ಮಾ, ನೀವೂ ಒಂದು ಗುಟುಕು ಕುಡೀರಿ," ಅಂದ ಚೆಂಚೊ. "ಮೂವತ್ತು ವರ್ಷದಿಂದ ಮೂಗು ಹುಡುಕ್ತಿದೀರ. ಈ ಸಲವಾದ್ರೂ ಒಡೆಯರಿಗೆ ಸ್ವಲ್ಪ ಮಸ್ಕಾ ಹೊಡೀರಿ."

ಆಳುಗಳೆಲ್ಲ ನಕ್ಕರು. ನಗಲಿ. ಅರಮನೆಯ ನಡುಬಾಗಿಲ ಮೇಲಿನ ಮಳೆದೇವರ ಮುಖಕ್ಕೆ ಕಣ್ಣಿದೆ, ಹಲ್ಲಿದೆ, ಕಿವಿಯೋಲೆಯಿದೆ, ಮೂಗೊಂದಿಲ್ಲ. ಓದುವ ಹುಡುಗಿಯಾಗಿದ್ದಾಗ ಆ ಗೋಡೆಯನ್ನು ಕಲ್ಲು ಕಲ್ಲಾಗಿ ಕಾಗದಕ್ಕೆ ಇಳಿಸಿದವಳು ನಾನೇ. ಮೂಗಿನ ಜಾಗವನ್ನು ಖಾಲಿ ಬಿಟ್ಟಿದ್ದೆ. ಕೊಕ್ಕೆಯಂತೆ ಬಾಗಿದ ಆ ಕಲ್ಲು ಇಲ್ಲೇ ಎಲ್ಲೋ ಬಿದ್ದಿರಲೇಬೇಕು. ಅದನ್ನು ಅದರ ಜಾಗದಲ್ಲಿ ಕೂರಿಸಿ ನಿವೃತ್ತಿಯಾಗಬೇಕು ಅನ್ನುವುದು ನನ್ನ ಆಸೆ, ಮತ್ತು ಇದೇ ನನ್ನ ಕೊನೆಯ ವರ್ಷ.

ಈ ಸಲ ನನ್ನ ಪಾಲಿಗೆ ಬಂದಿರುವುದು ಅಂಗಳದ ನಡುವಿನ ಗುಡಿಸಲಿನ ಅಡಿಪಾಯ. ಸಾವಿರ ವರ್ಷದ ಹಿಂದೆ ಊರು ಸೊರಗಿ, ಅರಸರು ಗಂಟುಮೂಟೆ ಕಟ್ಟಿ ಹೋದ ಮೇಲೂ ಉಳಿದುಕೊಂಡ ಒಂದಿಷ್ಟು ಜನ ಅರಮನೆಯ ಕೆತ್ತನೆಗಲ್ಲುಗಳನ್ನೇ ಕಿತ್ತು, ಅರಮನೆಯ ಮೂಗಿನ ಕೆಳಗೇ ಮೊಣಕಾಲೆತ್ತರದ ಗೋಡೆ ಕಟ್ಟಿ, ಗರಿ ಹೊದಿಸಿ ಬದುಕಿದರು. ಸುಣ್ಣವಿಲ್ಲ, ಗಾರೆಯಿಲ್ಲ, ಒಂದು ಕಲ್ಲೂ ನೆಟ್ಟಗೆ ಕೂತಿಲ್ಲ. ಆ ಕಲ್ಲುಗಳ್ಳರನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಂಥವರು ಕಟ್ಟಿದ್ದನ್ನು ಎಂಥವರು ಹಾಳುಮಾಡಿದರು!

ಮಳೆ ಶುರುವಾಗುವವರೆಗೆ ನನ್ನ ಹುಟ್ಟೂರು ಹುಂತೂನ್‌ನಲ್ಲಿ, ಅಕ್ಕ ಬೆರ್ನಾಳ ಜೊತೆ ಇರುತ್ತೇನೆ. ಅವ್ವನನ್ನು ಮಣ್ಣು ಮಾಡಿ ಹೋದವಳು ಇವತ್ತೇ ಮತ್ತೆ ಈ ಮನೆಗೆ ಬಂದದ್ದು.

ಫೆಬ್ರವರಿ ೧೨, ಗುರುವಾರ

ಅಕ್ಕ ಅವ್ವನ ಅಡುಗೆಮನೆ ಕೆಡವುತ್ತಾಳಂತೆ!

ಉಪ್ಪು ಕೊಡು ಅನ್ನುವಷ್ಟು ಸಲೀಸಾಗಿ, ರೊಟ್ಟಿ ತಟ್ಟುತ್ತ ಹೇಳಿದಳು. ಹಿತ್ತಲಲ್ಲಿ ಸಿಮೆಂಟ್ ಇಟ್ಟಿಗೆಯ ಹೊಸ ಅಡುಗೆಮನೆ ಬರುತ್ತದೆ, ಗ್ಯಾಸಿನ ಒಲೆ ಬರುತ್ತದೆ, ಕೆಲಸ ಅವಳ ಅಳಿಯನದೇ.

"ಅಕ್ಕಾ, ಅದು ಅವ್ವನ ಅಡುಗೆಮನೆ."

"ಅಲ್ಲ ಅಂದೋರ್ಯಾರು? ಅದಕ್ಕೇ ಅವಳು ಹೋಗೋವರ್ಗೂ ಬಾಯಿ ಮುಚ್ಕೊಂಡಿದ್ದೆ."

"ಎರಡೂ ತುದಿ ದುಂಡಗೆ, ಮೇಲೆ ಗರಿ ಸೂರು. ಇಂಥದ್ದನ್ನ ಕಟ್ಟೋಕೆ ಬರೋವ್ರೇ ಇಲ್ಲ ಈಗ. ಸಾವಿರ ವರ್ಷದಿಂದ ನಮ್ಮೋರು ಹೀಗೇ ಕಟ್ಕೊಂಡು ಬಂದಿರೋದು."

"ಹೌದಾ? ಹಾಗಾದ್ರೆ ಸಾವಿರ ವರ್ಷದಿಂದ ಕೆಮ್ತಾನೇ ಇದೀವಿ ಅನ್ನು." ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಕೆಮ್ಮು ಒತ್ತರಿಸಿ ಬಂತು. ಸುಧಾರಿಸಿಕೊಂಡು ಮತ್ತೆ ಶುರುಮಾಡಿದಳು. "ಆಸ್ಪತ್ರೆ ಹುಡುಗಿ ಹೇಳಿದಾಳೆ, ಈ ಹೊಗೆ ಬಿಡ್ದಿದ್ರೆ ಎದೆ ಉಳಿಯಲ್ಲ ಅಂತ. ನೀನು ಮೆರಿದಾ ಪಟ್ಟಣದಲ್ಲಿ ತಣ್ಣನೆ ಗಾಳಿ ಬಿಡೋ ಮಷೀನ್ ಕೆಳಗೆ ಮಲಗ್ತೀಯ. ನಿನ್ನ ನೆನಪಿಗೆ ಚೆಂದ ಕಾಣ್ಲಿ ಅಂತ ನಾನು ಹೊಗೆ ಕುಡೀಬೇಕಾ? ಬಾ, ಕೂತ್ಕೋ. ಕಾಳು ಬೇಯೋ ತನಕ ಕೂತ್ಕೋ ಇಲ್ಲಿ, ನೋಡೇಬಿಡೋಣ."

ಕೂತೆ. ಕಾಳು ಕುದಿ ಬರುವ ಮುಂಚೆಯೇ ಕಣ್ಣೊರೆಸಿಕೊಂಡು ಎದ್ದು ಬಂದೆ. ಅದು ಬೇರೆ ಮಾತು. ಹೊಗೆ ಹೋಗಲು ಸೂರಿನಲ್ಲಿ ಸಂದು ಬಿಡಬಹುದು, ಅದಕ್ಕೆ ಇಡೀ ಮನೆ ಕೆಡವಬೇಕೆ?

ಕೊನೆಗೆ ನನ್ನ ದೊಡ್ಡ ಬಾಣ ಬಿಟ್ಟೆ. "ನನ್ನ ಹೊಕ್ಕುಳಬಳ್ಳಿ ಆ ಒಲೆ ಕೆಳಗಿದೆ ಅಕ್ಕ. ನಿಂದೂ ಇದೆ. ಅದನ್ನಾದ್ರೂ ಯೋಚನೆ ಮಾಡು." ಹೆಣ್ಣುಮಗುವಿನ ಬಳ್ಳಿ ಉದುರಿದರೆ ಒಲೆಯ ಬೂದಿಯ ಕೆಳಗೆ, ಮನೆ ಹಿಡಿದು ಇರಲಿ ಅಂತ. ಗಂಡಿನದಾದರೆ ಕಾಡಿಗೆ, ಕಾಡಿಗೆ ಹೆದರದಿರಲಿ ಅಂತ. ಈ ಊರಲ್ಲಿ ಹುಟ್ಟಿದ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ.

ಅಕ್ಕನ ಕೈ ರೊಟ್ಟಿಯ ಮೇಲೆ ನಿಂತಿತು. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಬಾಯಿ ತೆರೆದವಳು ಮತ್ತೆ ಮುಚ್ಚಿದಳು. "ರೊಟ್ಟಿ ಸೀದು ಹೋಗುತ್ತೆ, ಆ ಕಡೆ ಸರಿ," ಅಂದಳು. ಸೋತಳು ಅಂತಲೇ ಲೆಕ್ಕ.

ಫೆಬ್ರವರಿ ೨೨, ಭಾನುವಾರ

ಕೆಲಸಕ್ಕೆ ರಜೆ. ಕಂಬಕ್ಕೆ ಕಟ್ಟಿದ ಬಲೆಯ ಜೋಲಿಯಲ್ಲಿ ಮಲಗಿ ಅಡುಗೆಮನೆಯ ಕಡೆ ಕಿವಿಕೊಟ್ಟಿದ್ದೆ. ರೊಟ್ಟಿ ತಟ್ಟುವ ಸದ್ದು ಥೇಟ್ ಅವ್ವನದೇ. ಕಣ್ಣು ಮುಚ್ಚಿದರೆ ಅವ್ವ, ತೆರೆದರೆ ಅಕ್ಕ.

ಸುಣ್ಣದ ನೀರಲ್ಲಿ ನೆನೆದ ಜೋಳದ ವಾಸನೆ ಎಂಥದ್ದು ಅನ್ನುವುದನ್ನೇ ಮರೆತಿದ್ದೆ. ಚಿಕ್ಕವಳಿದ್ದಾಗ ಆ ವಾಸನೆಗೇ ಎಚ್ಚರವಾಗುತ್ತಿತ್ತು. ಗಿಡ್ಡ ದುಂಡು ಮೇಜಿನ ಮುಂದೆ ಅವ್ವ ಕೂತಿರುತ್ತಿದ್ದಳು. ಉಬ್ಬಿದ ಮೊದಲ ರೊಟ್ಟಿಗೆ ಉಪ್ಪು ಸವರಿ, ಸುರುಳಿ ಸುತ್ತಿ ನನ್ನ ಕೈಗಿಡುತ್ತಿದ್ದಳು. ಆಮೇಲೆ ಅಪ್ಪನ ಹಿಂದೆ ಹೊಲಕ್ಕೆ ಹೊರಡುವುದು. ಅಪ್ಪನ ಹೊಲ ಕುಸಮ್‌ನ ಕಲ್ಲುಗಳ ಪಕ್ಕದಲ್ಲೇ ಇತ್ತು. ಅವನು ಕಳೆ ಕೀಳುವಷ್ಟು ಹೊತ್ತು ನನ್ನನ್ನು ಅರಮನೆಯ ನೆರಳಲ್ಲಿ ಕೂರಿಸುತ್ತಿದ್ದ. ಒಳಗಿನ ಕೋಣೆಗಳಿಂದ ಕವಲುತೋಕೆ ಹಕ್ಕಿಗಳು ಸರ್ರನೆ ಬಂದು ಹೋಗಿ ಮಾಡುತ್ತಿದ್ದವು. ಆ ಮೂಗಿಲ್ಲದ ಮುಖ ನನ್ನನ್ನು ನೋಡುತ್ತಿತ್ತು, ನಾನು ಅದನ್ನು ನೋಡುತ್ತಿದ್ದೆ. ಅಪ್ಪ ಯಾವತ್ತೂ ನನ್ನನ್ನೇ ಕರೆದೊಯ್ಯುತ್ತಿದ್ದ. ಅಕ್ಕನಿಗೆ ಮನೆಯಲ್ಲಿ ಕೆಲಸವಿರುತ್ತಿತ್ತು.

ಆ ದಿನಗಳು ಎಷ್ಟು ಚೆನ್ನಾಗಿದ್ದವು! ಇಷ್ಟು ಓದಿ, ಇಷ್ಟು ಬರೆದು, ಅಷ್ಟು ಸುಖ ಮತ್ತೆಲ್ಲೂ ಸಿಕ್ಕಿಲ್ಲ. ಅದಕ್ಕೇ ಹೇಳುತ್ತಿರುವುದು, ಆ ಅಡುಗೆಮನೆ ಹೋಗಕೂಡದು.

ಮಾರ್ಚ್ ೩, ಬುಧವಾರ

ಸಿಕ್ಕಿತು.

ಸಿಕ್ಕಿತು, ಸಿಕ್ಕಿತು, ಸಿಕ್ಕಿತು!

ಮಾರ್ಚ್ ೪, ಗುರುವಾರ

ನಿನ್ನೆ ಅದೊಂದೇ ಮಾತನ್ನು ಗೀಚಿ ಪುಸ್ತಕ ಮುಚ್ಚಿದೆ. ಗುಡಿಸಲಿನ ಒಳನೆಲ ಗುಡಿಸುತ್ತಿದ್ದ ಚೆಂಚೊ, "ಡಾಕ್ಟರಮ್ಮಾ, ಬೇಗ ಬನ್ನಿ, ಇಲ್ಲಿ ಯಾರೋ ಸೀನಿದ ಹಾಗಾಯ್ತು," ಅಂತ ಕೂಗಿದ. ಇವನ ಕುಚೋದ್ಯ ಇದ್ದದ್ದೇ ಅಂತ ಬೈಯುತ್ತಲೇ ಹೋದೆ. ಬೂದಿಯ ನಡುವೆ ಮೂರು ಕಲ್ಲು ನಿಂತಿದ್ದವು. ಎರಡು ಸಾಮಾನ್ಯ ಕಲ್ಲು. ಮೂರನೆಯದು ಮಸಿ ಹಿಡಿದು ಕಪ್ಪಗಾದ, ಕೊಕ್ಕೆಯಂತೆ ಬಾಗಿದ, ನನ್ನ ಮೂಗು! ಬುಡ ನೆಲದಲ್ಲಿ ಹುಗಿದು, ಬಾಗಿದ ತುದಿ ಒಳಮುಖವಾಗಿ ನಿಲ್ಲಿಸಿದ್ದರು, ಮಡಕೆಯ ಹೊಟ್ಟೆ ಸರಿಯಾಗಿ ಕೂರುವ ಹಾಗೆ.

ಮಳೆದೇವರ ಮೂಗನ್ನು ಒಲೆಗುಂಡು ಮಾಡಿಕೊಂಡಿದ್ದರು, ಕಲ್ಲುಗಳ್ಳರು. ಸಂತೋಷಕ್ಕೆ ಅತ್ತೆನೋ ಸಿಟ್ಟಿಗೆ ಅತ್ತೆನೋ ಹೇಳಲಾರೆ. ಮೂವತ್ತು ವರ್ಷ ಇದರ ಮೇಲೆಯೇ ಓಡಾಡಿದ್ದೇನೆ!

ಅರ್ಮೆಂತಾ ನನ್ನನ್ನು ಅಪ್ಪಿಕೊಂಡೇಬಿಟ್ಟರು. ಏಪ್ರಿಲ್ ಮೂವತ್ತಕ್ಕೆ ಸರ್ಕಾರದ ದೊಡ್ಡವರು ಕುಸಮ್ ನೋಡಲು ಬರುತ್ತಾರೆ. ಅಷ್ಟರಲ್ಲಿ ಗುಡಿಸಲಿನ ಗೋಡೆ ಬಿಚ್ಚಿ, ಅದರಲ್ಲಿರುವ ಕೆತ್ತನೆಗಲ್ಲುಗಳನ್ನೆಲ್ಲ ಅರಮನೆಗೆ ವಾಪಸು ಏರಿಸಿ, ಮೂಗು ಕೂರಿಸಬೇಕು. ಅದು ಅವರ ಯೋಜನೆ ಅಂತ ಯಾಕೆ ಬರೆಯಲಿ, ಹೇಳಿದವಳು ನಾನೇ. ಬಿಚ್ಚುವ ಮುಂಚೆ ಇದ್ದದ್ದನ್ನು ಇದ್ದ ಹಾಗೆ ಅಳೆದು ಚಿತ್ರ ಬರೆಯಬೇಕು. ಆಮೇಲೆ ಅಗೆದವಳ ರುಜು ಬೀಳಬೇಕು. ಅದಿಲ್ಲದೆ ಒಂದು ಕಲ್ಲೂ ಕದಲುವಂತಿಲ್ಲ. ರುಜು ಹಾಕಲು ನನ್ನ ಪೆನ್ನು ತುದಿಗಾಲಲ್ಲಿ ನಿಂತಿದೆ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. "ಅಯ್ಯೋ, ಸಾರು ಕುದಿಯೋವಾಗ ದೇವರ ಮೂಗಿಗೆ ಘಾಟು ಹತ್ತುತ್ತಿರಲಿಲ್ವೇನೇ?" ಅಂದಳು.

ಮಾರ್ಚ್ ೧೨, ಶುಕ್ರವಾರ

ವಾರವಿಡೀ ಗುಡಿಸಲಿನ ಚಿತ್ರ ಬರೆದೆ. ಕೂತು ನೋಡುತ್ತ ಹೋದರೆ ಒಂದೊಂದೇ ಕಾಣುತ್ತದೆ. ಗೋಡೆಗೆ ಬಳಸಿದ ಕೆತ್ತನೆಗಲ್ಲುಗಳಲ್ಲಿ ಒಂದೂ ಹೊರಮುಖವಾಗಿಲ್ಲ. ಹೂವಿನ ಬಳ್ಳಿ, ಚಾಪೆಯ ಹೆಣಿಗೆ, ಚಿಕ್ಕ ಕಂಬ, ಎಲ್ಲ ಒಳಕ್ಕೆ ತಿರುಗಿವೆ. ಅರಿಯದ ಜನ, ಹೇಗೆ ಬೇಕೋ ಹಾಗೆ ಒಟ್ಟಿದರು ಅಂತ ನಾನೇ ಹಿಂದೊಮ್ಮೆ ಬರೆದಿದ್ದೆ. ಆದರೆ ಬರೀ ಒಟ್ಟಿದ್ದರೆ ಅರ್ಧವಾದರೂ ಹೊರಗೆ ತಿರುಗಬೇಕಿತ್ತು. ಒಳಗೆ ಕೂತವರ ಕಣ್ಣಿಗೆ ಕಾಣಲಿ ಅಂತ ಇಟ್ಟಿರಬಹುದೆ? ಕೂಸು ಮಲಗಿದಾಗ ನೋಡುತ್ತಿರಲಿ ಅಂತ? ಬರಿಯ ಊಹೆ. ವರದಿಯಲ್ಲಿ ಹಾಕುವಂತಿಲ್ಲ.

ಅರಮನೆಯ ಪಶ್ಚಿಮದ ಕೋಣೆಗಳ ಕಡೆಗೂ ಹೋಗಿ ಬಂದೆ. ಗೋಡೆ ಅರ್ಧಕ್ಕೇ ನಿಂತಿದೆ. ಅದರ ಮುಂದೆ ಮೇಲಕ್ಕೆ ಏರಿಸಲು ಕೆತ್ತಿಟ್ಟ ಕಲ್ಲುಗಳು ಏರಬೇಕಾದ ಸಾಲಿನಲ್ಲೇ ನೆಲದ ಮೇಲೆ ಹಾಗೇ ಇವೆ. ನಾಳೆ ಬರುತ್ತೇವೆ ಅಂತ ಹೋದವರು ಮತ್ತೆ ಬರಲೇ ಇಲ್ಲ. ಇಲ್ಲಿಗೆ ಬಂದಾಗೆಲ್ಲ ನನಗೆ ಅವರ ಮೇಲೆಯೇ ಕನಿಕರ, ಆ ದೊಡ್ಡ ಕೈಗಳ ಮೇಲೆ. ಇವತ್ತು ಯಾಕೋ ಉಳಿದವರ ನೆನಪಾಯಿತು. ಅವರು ಪ್ರತಿದಿನ ನೀರು ತರಲು ಹೋಗುವಾಗ ಈ ಸಾಲಿನ ಪಕ್ಕವೇ ಹೋಗಬೇಕಿತ್ತು.

ಮಾರ್ಚ್ ೨೧, ಭಾನುವಾರ

ಅಕ್ಕನಿಗೆ ರಾತ್ರಿಯಿಡೀ ಕೆಮ್ಮು. ಏಳಬೇಡ ಅಂತ ಗದರಿಸಿ ನಾನೇ ಒಲೆ ಹಚ್ಚಿದೆ. ನನ್ನ ರೊಟ್ಟಿಗಳು ಅಡ್ಡಾದಿಡ್ಡಿ. "ಇದೇನೇ, ಯುಕತಾನ್ ನಕ್ಷೆನಾ?" ಅಂತ ಅಕ್ಕ ಜೋಲಿಯಿಂದಲೇ ನಗಾಡಿದಳು. ಕಾಳು ಬೇಯುವವರೆಗೂ ಕೂತಿದ್ದೆ. ಆಮೇಲೂ ಕೂತಿದ್ದೆ.

ಇಷ್ಟರಲ್ಲಿ ಹಿತ್ತಲಲ್ಲಿ ದಬದಬ ಸದ್ದು. ಹೋಗಿ ನೋಡಿದರೆ ಅಳಿಯ ಅವ್ವನ ಅಡುಗೆಮನೆಯ ಹಿಂಬದಿಯ ಕಲ್ಲುಗಳನ್ನು ಕಿತ್ತು ಹೊಸ ಅಡಿಪಾಯಕ್ಕೆ ತುಂಬುತ್ತಿದ್ದಾನೆ! ನನ್ನ ತಲೆ ಕೆಟ್ಟಿತು. ಜೋಲಿಯ ಹತ್ತಿರ ಬಂದು ಕೂಗಾಡಿಬಿಟ್ಟೆ.

"ಇದ್ದ ಮನೆಯ ಕಲ್ಲನ್ನೇ ಕೀಳ್ತೀಯಲ್ಲ, ನಾಚಿಕೆ ಆಗಲ್ವಾ? ಕಲ್ಲುಗಳ್ಳಿ!"

ಅಕ್ಕ ಎದ್ದು ಕೂತಳು. "ಯಾರ ಕಲ್ಲು ಕದ್ದೆನೇ? ನಮ್ಮ ಕಲ್ಲು ನಮ್ಮ ಗೋಡೆಗೆ. ದುಡ್ಡು ಕೊಟ್ಟು ಬೇರೆ ಕಲ್ಲು ತಂದು, ಇವನ್ನ ನಿನ್ನ ಮ್ಯೂಸಿಯಮ್‌ಗೆ ಕಳಿಸ್ಲಾ?"

"ನೆನಪು ಅನ್ನೋದು ಇಲ್ವಾ ನಿಂಗೆ?"

"ಇದೆ ತಾಯಿ. ಬೇಕಾದಷ್ಟಿದೆ. ಹತ್ತು ವರ್ಷ ಅವ್ವನ್ನ ಎತ್ತಿ ಕೂರಿಸಿ, ಒರೆಸಿ, ಉಣಿಸಿದ ನೆನಪಿದೆ. ಅವಳೂ ಕೆಮ್ತಿದ್ಲು, ನಾನೂ ಕೆಮ್ತಿದ್ದೆ. ಒಬ್ಬರು ನಿಲ್ಲಿಸಿದ್ರೆ ಇನ್ನೊಬ್ಬರು. ನೀನು ಕ್ರಿಸ್ಮಸ್‌ಗೆ ಬಂದು ಉಬ್ಬಿದ ರೊಟ್ಟಿ ತಿಂದು ಹೋಗ್ತಿದ್ದೆ. ನಿನ್ನ ನೆನಪು ಚೆಂದಾಗಿರದೆ ಇನ್ನೇನಾಗುತ್ತೆ?"

ಮಾತು ಮುರಿದುಬಿತ್ತು. ಮಧ್ಯಾಹ್ನ ಅವಳೇ ಕರೆದು ಊಟಕ್ಕೆ ಹಾಕಿದಳು. ಹೀಗೆಲ್ಲ ಮಾತಾಡಬಾರದಿತ್ತು, ಅವಳೂ ನಾನೂ.

ಮಾರ್ಚ್ ೨೭, ಶನಿವಾರ

ಒಲೆಯ ಬೂದಿಯನ್ನು ಪದರ ಪದರವಾಗಿ ತೆಗೆದೆವು. ತೆಗೆದಷ್ಟೂ ಬೂದಿ. ಒಬ್ಬರ ಕಾಲದ್ದಲ್ಲ ಇದು. ಅಜ್ಜಿ, ಮಗಳು, ಮೊಮ್ಮಗಳು ಉರಿಸಿದ್ದಿರಬೇಕು. ಅಡಿಯಲ್ಲಿ, ಮೂರು ಕಲ್ಲುಗಳ ಸರಿ ನಡುವೆ, ಮುಷ್ಟಿ ಗಾತ್ರದ ಒಂದು ಕುಡಿಕೆ ಸಿಕ್ಕಿತು. ಬಾಯಿಗೆ ಇನ್ನೊಂದು ಕುಡಿಕೆಯ ತಳವನ್ನು ಮುಚ್ಚಳದಂತೆ ಕವುಚಿತ್ತು. ಒಳಗೆ ಕಪ್ಪು ಮಣ್ಣು, ಬೇರೇನೂ ಇಲ್ಲ.

ಚೆಂಚೊ ಟೊಪ್ಪಿ ತೆಗೆದ. ನಾನೂ ತೆಗೆದೆ.

"ಏನದು?" ಅಂದರು ಅರ್ಮೆಂತಾ. "ಹರಕೆನಾ? ಬೀಜನಾ?"

"ಹೆಣ್ಣು ಮಗು ಸಾರ್," ಅಂದ ಚೆಂಚೊ.

ಅರ್ಮೆಂತಾ ಗಾಬರಿಯಾಗಿ ಒಂದು ಹೆಜ್ಜೆ ಹಿಂದಕ್ಕೆ ಹೋದರು. ಸತ್ತ ಕೂಸು ಅಂದುಕೊಂಡರು. ಆಮೇಲೆ ನಾನು ಬಿಡಿಸಿ ಹೇಳಬೇಕಾಯಿತು: ಸತ್ತದ್ದಲ್ಲ, ಹುಟ್ಟಿದ್ದು. ಹೊಕ್ಕುಳಬಳ್ಳಿ ಉದುರಿದಾಗ ಕೂಸಿನ ಅವ್ವ ಹೂಳಿದ್ದು. ಅವರು ತಲೆಯಾಡಿಸಿ, ಪರೀಕ್ಷೆಗೆ ಕಳಿಸೋಣ ಅಂದರು. ಕಳಿಸೋಣ. ಅಲ್ಲಿಂದ ಮಣ್ಣು ಅಂತಲೇ ಉತ್ತರ ಬರುತ್ತದೆ.

ಆ ಕಾಲಕ್ಕೆ ಅರಮನೆ ಒಂದು ಕಡೆಯಿಂದ ಉದುರುತ್ತಿತ್ತು. ಅಂಗಳದ ಗಾರೆ ಬಿರುಕು ಬಿಟ್ಟು ಮಳೆನೀರು ನೆಲದಡಿಯ ತೊಟ್ಟಿಗೆ ಇಳಿಯುತ್ತಿರಲಿಲ್ಲ. ಅಕ್ಕಪಕ್ಕದವರು ಒಬ್ಬೊಬ್ಬರೇ ಹೊರಡುತ್ತಿದ್ದರು. ಅಂಥದ್ದರಲ್ಲೂ ನಮ್ಮವಳೊಬ್ಬಳು ಇಲ್ಲಿ ಹೆತ್ತಳು, ಕೂಸು ಮನೆ ಹಿಡಿದು ಇರಲಿ ಅಂತ ಬಯಸಿದಳು. ಇವತ್ತೆಲ್ಲ ನನಗೆ ಅವಳದೇ ಧ್ಯಾನ. ಅವಳ ಹೆಸರು ಏನಿತ್ತೋ.

ಏಪ್ರಿಲ್ ೯, ಶುಭ ಶುಕ್ರವಾರ

ಕೆಲಸವಿಲ್ಲ, ಮಾಂಸವಿಲ್ಲ, ಗಾಳಿಯಿಲ್ಲ. ಹೊಲ ಸುಡುವ ಹೊಗೆ ಊರ ತುಂಬ. ಹೊಸ ಅಡುಗೆಮನೆಯ ಗೋಡೆ ಎದೆಮಟ್ಟ ಬಂದಿದೆ. ಕಿಟಕಿ ತೀರ ಚಿಕ್ಕದಾಯಿತು ಅಂತ ಅಳಿಯನಿಗೆ ಹೇಳಿದೆ. ದೊಡ್ಡದು ಮಾಡುತ್ತಾನಂತೆ.

ಏಪ್ರಿಲ್ ೧೬, ಶುಕ್ರವಾರ

ರುಜು ಹಾಕಬೇಕಾದ ಕಾಗದ ಮೇಜಿನ ಮೇಲೆ ಬಿದ್ದು ಎಷ್ಟೋ ದಿನವಾಯಿತು. ಇವತ್ತು ಅರ್ಮೆಂತಾ ಪೆನ್ನು ಹಿಡಿದುಕೊಂಡೇ ಬಂದರು. ಹಾಕುವುದಿಲ್ಲ ಅಂದೆ. ಅಂದ ಮೇಲೆ ನನಗೇ ಆಶ್ಚರ್ಯವಾಯಿತು.

"ಇಲಾರಿಯಾ, ತಮಾಷೆ ಮಾಡ್ತಿದೀರಾ? ನಾನು ಈ ರಾಜ್ಯಕ್ಕೆ ಬಂದ ದಿನದಿಂದ ನಿಮ್ಮ ಬಾಯಲ್ಲಿ ಕೇಳ್ತಿರೋದು ಈ ಮೂಗಿನ ಮಾತೇ. ಈಗ ಸಿಕ್ಕಿದೆ, ಬೇಡ ಅಂತೀರಿ!"

"ಬೇಡ ಅನ್ನಲಿಲ್ಲ. ಅದರ ಜಾಗದಲ್ಲಿ ಇರಲಿ ಅಂದೆ."

"ಅದರ ಜಾಗ ಗೋಡೆ ಮೇಲೆ!"

"ಮೊದಲು ಗೋಡೆ ಮೇಲೆ. ಆಮೇಲೆ ಒಲೆಯಲ್ಲಿ. ಗೋಡೆ ಮೇಲಿದ್ದಾಗ ನೋಡೋಕೆ ಚೆಂದ ಇತ್ತು. ಒಲೆಗೆ ಬಂದ ಮೇಲೆ ಕಾಳು ಬೇಯಿಸ್ತು. ಕಿತ್ತರೆ ಆ ಮನೇನೇ ಹೋಗುತ್ತೆ. ಮತ್ತೆ ಕಟ್ಟೋಕಾಗಲ್ಲ."

"ಅದೊಂದು ಗುಡಿಸಲು. ನೀವೇ ಬರೆದಿದೀರಿ, ಕೊನೆಗಾಲದ ಕಸ ಅಂತ."

ಬರೆದಿದ್ದೆನೇ? ಬರೆದಿರಬಹುದು. ಆ ವಯಸ್ಸಿನಲ್ಲಿ ನನಗೆ ಎತ್ತರದ್ದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ಅಲ್ಲಿ ಒಬ್ಬಳು ಹುಟ್ಟಿದಾಳೆ ಡಾಕ್ಟರ್."

"ಒಂದು ಹಿಡಿ ಮಣ್ಣು ನೋಡಿ ಹಾಗಂತ ಬರೆಯೋಕಾಗುತ್ತಾ?"

"ಬರೆಯೋಕಾಗಲ್ಲ. ಒಲೆ ಕೀಳಬೇಡಿ ಅಂತ ಬರೀಬಹುದು. ಅಷ್ಟು ಬರೀತೀನಿ."

ಅರ್ಮೆಂತಾ ಪೆನ್ನಿನ ಮುಚ್ಚಳ ಹಾಕಿದರು. ಕೆಟ್ಟ ಮನುಷ್ಯರಲ್ಲ. ಮೂಗಿಲ್ಲದ ಮುಖ ತೋರಿಸಿ ದೊಡ್ಡವರ ಮುಂದೆ ಮುಖಭಂಗ ಆಗುವುದು ಅವರಿಗೇ. "ಬರೆಯಿರಿ. ಆದರೆ ನಿಮ್ಮ ಹೆಸರಲ್ಲಿ ಬರೆಯಿರಿ. ಕೇಳಿದವರಿಗೆ ನಿಮ್ಮನ್ನೇ ತೋರಿಸ್ತೀನಿ," ಅಂದು ಪೆನ್ನು ಜೇಬಿಗಿಟ್ಟುಕೊಂಡು ಹೋದರು.

ನನ್ನ ಕೆಲಸದ ಬದುಕೆಲ್ಲ ಆ ಒಂದು ಕಲ್ಲಿಗಾಗಿ ಕಾದಿತ್ತು. ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಸಂಜೆ ಹೊರಡುವಾಗ ತಿರುಗಿ ಮೇಲೆ ನೋಡಿದೆ. ಮೂಗಿಲ್ಲದೆಯೇ ಆ ಮುಖ ನನಗೆ ಅಭ್ಯಾಸ. ಅಪ್ಪನ ಜೊತೆ ಬರುತ್ತಿದ್ದ ದಿನದಿಂದ ಅದು ಹಾಗೇ ಇದ್ದದ್ದು.

ಏಪ್ರಿಲ್ ೩೦, ಶುಕ್ರವಾರ

ದೊಡ್ಡವರು ಬಂದರು, ಕಿತ್ತಳೆ ರಸ ಕುಡಿದರು, "ಮೂಗೆಲ್ಲಿ?" ಅಂದರು. ಅರ್ಮೆಂತಾ ನನ್ನ ಕಡೆ ಕೈ ತೋರಿಸಿದರು. ನಾನು ಒಲೆಯ ಕಡೆ ತೋರಿಸಿದೆ. ದೊಡ್ಡವರಲ್ಲೊಬ್ಬರ ಹೆಂಡತಿ ಬಂದು ಬಗ್ಗಿ ನೋಡಿ, "ನಮ್ಮಜ್ಜಿ ಮನೇಲೂ ಹೀಗೇ ಇತ್ತು," ಅಂದರು. ಆಮೇಲೆ ಅರಮನೆ ನೋಡಲು ಯಾರೂ ಹೆಚ್ಚು ಹೊತ್ತು ನಿಲ್ಲಲಿಲ್ಲ, ಬಿಸಿಲು ಹಾಗಿತ್ತು. "ಡಾಕ್ಟರಮ್ಮಾ, ನಿಮ್ಮ ಮೂಗು ಉಳೀತು," ಅಂದ ಚೆಂಚೊ.

ಮೇ ೩, ಸೋಮವಾರ

ಶಿಲುಬೆ ಹಬ್ಬ, ಗಾರೆಯವರ ಹಬ್ಬ. ಬೆಳಗ್ಗೆ ಕುಸಮ್‌ನಲ್ಲಿ ಚೆಂಚೊ ಮತ್ತು ಆಳುಗಳು ಅರಮನೆಯ ಮೇಲೆ ಕಾಗದದ ಹೂ ಸುತ್ತಿದ ಶಿಲುಬೆ ನೆಟ್ಟು ಪಟಾಕಿ ಹೊಡೆದರು. ಮನೆಗೆ ಬಂದರೆ ಅಲ್ಲೂ ಹೊಸ ಅಡುಗೆಮನೆಯ ತಾರಸಿಯ ಮೇಲೆ ಅಳಿಯ ನೆಟ್ಟ ಶಿಲುಬೆ. ಗ್ಯಾಸಿನ ಒಲೆಯ ಮೇಲೆ ಹಂದಿಮಾಂಸ ಹಾಕಿದ ಕಪ್ಪು ಕಾಳು ಕುದಿಯುತ್ತಿತ್ತು. ಅಕ್ಕ ಹೊಸ ಕಿಟಕಿಯ ಮುಂದೆ ನಿಂತಿದ್ದಳು. ಇಷ್ಟು ದೊಡ್ಡ ಕಿಟಕಿ ಇಡಲು ಯಾರು ಹೇಳಿದ್ದು ಅಂತ ಅವಳು ಕೇಳಲಿಲ್ಲ.

ಅವ್ವನ ಅಡುಗೆಮನೆಯ ಗರಿಗಳನ್ನು ನಿನ್ನೆಯೇ ಇಳಿಸಿದ್ದರು. ನಾಲ್ಕು ಕಂಬ, ಆಕಾಶ, ನಡುವೆ ಮೂರು ಕಲ್ಲು, ಅಷ್ಟೇ ಉಳಿದಿತ್ತು. ನಾನು ನನ್ನ ಕರಣೆ ತಂದು ಒಲೆಯ ಮುಂದೆ ಕೂತೆ.

"ಜಗಳಕ್ಕೆ ಬಂದಿಲ್ಲ ಅಕ್ಕ. ನಮ್ಮಿಬ್ಬರ ಬಳ್ಳೀನೂ ತೆಗೆದುಕೊಡ್ತೀನಿ. ಎಲ್ಲಿ ಬೇಕೋ ಅಲ್ಲಿ ಇಡು."

ಅಕ್ಕ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. "ನಿಂದು ಇಲ್ಲಿಲ್ಲ," ಅಂದಳು.

"ಏನು?"

"ನಿಂದು ಇಲ್ಲಿಲ್ಲ ಕಣೇ. ಅವ್ವ ನಿಂದನ್ನ ಹತ್ತಿ ಬಟ್ಟೇಲಿ ಸುತ್ತಿ ಅಪ್ಪನ ಕೈಗೆ ಕೊಟ್ಲು. ಹೊಲದ ಹತ್ರ, ಆ ಹಳೇ ಕಲ್ಲುಗಳ ಹತ್ರ ಇಟ್ಟು ಬಾ ಅಂತ. 'ಹೆಣ್ಣು ಕೂಸಿಂದು, ಕಾಡಿಗೆ ಯಾಕೆ?' ಅಂದ ಅಪ್ಪ. ಅವ್ವ ಅಂದ್ಲು, 'ಒಲೆ ಮುಂದೆ ಒಬ್ಬಳಿದಾಳಲ್ಲ, ಸಾಕು. ಇವಳು ತಿರುಗಾಡ್ಲಿ.'"

"ನಿನಗೆ ಹೇಗೆ ಗೊತ್ತು?"

"ಬಾಗಿಲಲ್ಲಿ ನಿಂತಿದ್ದೆ. ಏಳೋ ಎಂಟೋ ವಯಸ್ಸು. ಜೋಳ ತೊಳೆದ ನೀರು ಚೆಲ್ಲೋಕೆ ಹೊರಟಿದ್ದೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಕ್ಕ?"

"ಏನಂತ ಹೇಳ್ಲಿ? ಅವ್ವ ನಿನಗೆ ಊರೆಲ್ಲ ಕೊಟ್ಲು, ನನಗೆ ಮೂರು ಕಲ್ಲು ಕೊಟ್ಲು ಅಂತಲಾ?" ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. "ನನ್ನ ಬಳ್ಳಿ ಇಲ್ಲಿದೆ ಅಂತ ಮೊದಲ ವಾರಾನೇ ಜೋರು ಮಾಡಿದ್ಯಲ್ಲ, ಅವತ್ತೇ ಬಾಯಿ ತುದಿಗೆ ಬಂತು. ಹೋಗ್ಲಿ, ಅವ್ವ ಸತ್ತು ಇನ್ನೂ ವರ್ಷ ಆಗಿಲ್ಲ, ಪಾಪ ಅಂತ ಬಿಟ್ಟೆ."

ನಾನು ಅತ್ತೆ. ಅವ್ವನ ಒಲೆಯ ಮುಂದೆ ಕೂತು, ಹೆಗಲು ಕುಣಿಯುವ ಹಾಗೆ ಅತ್ತೆ.

"ಅಳ್ಬೇಡವೇ," ಅಂದಳು ಅಕ್ಕ. "ಕಣ್ಣಿಗೆ ಹೊಗೆ ಹೋಯ್ತು ಅನ್ನೋಕೂ ಈಗ ಹೊಗೆ ಇಲ್ಲ."

ಆಮೇಲೆ ಇಬ್ಬರೂ ಕಲ್ಲು ಜರುಗಿಸಿದೆವು. ಬೂದಿಯ ಕೆಳಗೆ ಪುಡಿಯಾದ ಒಂದು ಸೋರೆ ಬುರುಡೆಯ ಚೂರು, ಅದರಲ್ಲಿ ಒಂದು ಹಿಡಿ ಕಪ್ಪು ಮಣ್ಣು. ಒಂದೇ. ಅವಳದು.

"ಹೊಸ ಅಡುಗೆಮನೇಲಿ ಎಲ್ಲಿಡೋಣ? ನೆಲಕ್ಕೆ ಆಗ್ಲೇ ಸಿಮೆಂಟ್ ಆಗಿದೆಯಲ್ಲ," ಅಂದೆ.

ಅಕ್ಕ ಆ ಮಣ್ಣನ್ನು ಬಿಸ್ಕತ್ತಿನ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದಳು. "ಅಲ್ಲಿ ಬೇಡ. ನಿಂದು ಎಲ್ಲಿದೆಯೋ ಅಲ್ಲಿಗೆ ಒಯ್ಯೋಣ. ನಾನೂ ಒಂದಿಷ್ಟು ತಿರುಗಾಡ್ತೀನಿ."

ಮೇ ೯, ಭಾನುವಾರ

ಅಕ್ಕ ಇವತ್ತು ಮೊದಲ ಸಲ ಕುಸಮ್ ನೋಡಿದಳು. ಮನೆಯಿಂದ ನಡೆದು ಬರುವಷ್ಟೇ ದೂರ. ಹುಟ್ಟಿದಾಗಿನಿಂದ ಒಂದು ದಿನವೂ ಬಂದಿರಲಿಲ್ಲ. ಹಬ್ಬಕ್ಕೆ ತೊಡುವ ಹೂ ಕಸೂತಿಯ ನಿಲುವಂಗಿ, ಇಪಿಲ್, ತೊಟ್ಟಿದ್ದಳು. ದಾರಿಯಲ್ಲಿ ಎರಡು ಸಲ, "ಗ್ಯಾಸ್ ಆರಿಸಿದ್ನೇನೇ?" ಅಂದಳು.

ಅರಮನೆಯನ್ನು ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದಳು. "ದೊಡ್ಡದಿದೆ," ಅಂದಳು. ಅಷ್ಟೇ. ಗುಡಿಸಲಿನ ಗೋಡೆ ದಾಟಿದ ಮೇಲೆ ಕೇಳದೆಯೇ ಒಲೆಯ ಮುಂದೆ ಹೋಗಿ ಕೂತಳು. ಮೂಗಿನ ಮಸಿ ಹಿಡಿದ ಬಾಗಿನ ಮೇಲೆ ಅಂಗೈ ಸವರಿ, "ಜಾಣೆ. ಮಡಕೆ ಅಲ್ಲಾಡ್ತಿರಲಿಲ್ಲ," ಅಂದಳು.

ನಾನು ಕುಡಿಕೆಯ ವಿಷಯ ಹೇಳಿದೆ.

"ಅಂದ್ರೆ ಆ ಹುಡುಗಿ ಬಳ್ಳಿ ಇಲ್ಲೇ ಇತ್ತು."

"ಹೌದು ಅಕ್ಕ."

"ಆಮೇಲೆ ಅವಳೇನಾದ್ಲು?"

"ಗೊತ್ತಿಲ್ಲ. ಕೊನೆಗೆ ಎಲ್ಲರೂ ಹೋದ್ರು. ಈ ಊರಲ್ಲಿ ಒಬ್ಬರೂ ಉಳೀಲಿಲ್ಲ."

ಅಕ್ಕ ಒಳಕ್ಕೆ ತಿರುಗಿದ ಹೂಬಳ್ಳಿಯ ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು.

"ಬಳ್ಳಿ ಒಲೆ ಕೆಳಗಿದ್ರೂ ಹೋದ್ಲು."

"ಹೋದ್ಲು."

"ಹೋದ್ಲಲ್ಲ, ಭೇಷ್," ಅಂದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲೇ ಇಲ್ಲ. ನಗುವಿನ ಹಿಂದೆ ಕೆಮ್ಮು ಬಂತು, ಅದೂ ನಿಂತಿತು.

ಅಪ್ಪ ನನ್ನನ್ನು ಕೂರಿಸುತ್ತಿದ್ದ ಜಾಗಕ್ಕೆ ಹೋದೆವು. ನನ್ನದು ಯಾವ ಸಂದಿನಲ್ಲಿದೆಯೋ ಅಪ್ಪನಿಗೇ ಗೊತ್ತು. ಮಳೆದೇವರ ಮುಖದ ಕೆಳಗೆ, ಬುನಾದಿಯ ಒಂದು ಬಿರುಕಿಗೆ ಅಕ್ಕ ಡಬ್ಬಿಯ ಮಣ್ಣನ್ನು ಸುರಿದು, ಬೆರಳಿಂದ ಒತ್ತಿ, ಕೈ ಕೊಡವಿಕೊಂಡಳು. ಕೋಣೆಯೊಳಗಿಂದ ಹಕ್ಕಿಗಳು ಎದ್ದು ನಮ್ಮ ತಲೆಯ ಮೇಲೇ ಹಾದುಹೋದವು.

"ಲಾಯಾ," ಅಂದಳು, ನನ್ನ ಚಿಕ್ಕಂದಿನ ಹೆಸರು ಹಿಡಿದು. "ಸಮುದ್ರ ಇಲ್ಲಿಂದ ಎಷ್ಟು ದೂರ?"

ಸಮುದ್ರದ ಕಡೆಗೆ ನಾಳೆಯ ಮೊದಲ ಬಸ್ಸು ಬೆಳಗ್ಗೆ ಐದಕ್ಕೆ. ಅವಳು ಚೀಲ ತುಂಬಿಟ್ಟು, ಹೊಸ ಕಿಟಕಿಯ ಪಕ್ಕ ಆಗಲೇ ಚಪ್ಪಲಿ ಜೋಡಿಸಿಟ್ಟಿದ್ದಾಳೆ.